ಮುನಿಗಂಗಪ್ಪನವರ ಜೆಲ್ಲಿ

ಶ್ಯಾಮಲಮ್ಮನಿಗೆ ಗಂಡನ ಮೇಲೆ ಇದ್ದ ದೂರು ಒಂದೇ. ಚಲಪತಿಗೆ 'ಇಲ್ಲ' ಅನ್ನುವ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಮಿಕ್ಕಂತೆ ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಇಸ್ಪೀಟಿಲ್ಲ, ಬೆಳಕು ಹರಿಯುವ ಮುಂಚೆ ಎದ್ದು ಇಡ್ಲಿ ಹಬೆಗಿಡುತ್ತಿದ್ದ. ಆದರೆ ಯಾರಾದರೂ ಎದುರಿಗೆ ಬಂದು ತಲೆ ಕೆರೆದುಕೊಂಡು 'ಅಣ್ಣಾ...' ಅಂತ ರಾಗ ಎಳೆದರೆ ಮುಗಿಯಿತು. ಬಂದವನು ಏನು ಕೇಳುತ್ತಾನೆ ಅನ್ನುವ ಮೊದಲೇ ಇವನು 'ಅದಕ್ಕೇನಂತೆ' ಅಂದುಬಿಡುತ್ತಿದ್ದ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಅವರ ಹೋಟೆಲು. ಬಾಗಿಲ ಮೇಲೆ 'ಶುದ್ಧ ಸಸ್ಯಾಹಾರಿ' ಅಂತ ದೊಡ್ಡ ಬೋರ್ಡು. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಂದು ಹಳೆಯ ಫ್ರಿಜ್ಜು ತಂದು ಒಳಗಿಟ್ಟರು. ಆ ರಸ್ತೆಗೆಲ್ಲ ಅದೇ ಮೊದಲನೇ ಫ್ರಿಜ್ಜು. ಗೂಡು ಮಾರಿ ಬಿಸಿಲಲ್ಲಿ ಬೆಂದು ಬರುವ ರೈತರಿಗೆ ತಣ್ಣಗೆ ಏನಾದರೂ ಕೊಡೋಣ ಅಂತ ಶ್ಯಾಮಲಮ್ಮ ಫ್ರೂಟ್ ಸಲಾಡ್ ಶುರು ಮಾಡಿದಳು. ಬಾಳೆಹಣ್ಣು, ಪಪ್ಪಾಯಿ, ದ್ರಾಕ್ಷಿ, ಅದರ ಮೇಲೆ ಕೆಂಪಗೆ ಒಂದು ತುಂಡು ಜೆಲ್ಲಿ. ಮುಟ್ಟಿದರೆ ಸಾಕು, ತಕತಕ ಕುಣಿಯುತ್ತಿತ್ತು. ಜನ ಅದಕ್ಕೆ ಜೆಲ್ಲಿ ಅನ್ನುತ್ತಿರಲಿಲ್ಲ, 'ಆ ಕುಣಿಯೋದು ಕೊಡಿ' ಅನ್ನುತ್ತಿದ್ದರು.

ಫ್ರಿಜ್ಜು ಬಂದದ್ದೇ ತಡ, ಬೀದಿಯವರಿಗೆಲ್ಲ ಅದು ತಮ್ಮ ಮನೆಯ ಬೀರು ಆಗಿಹೋಯಿತು. ಒಬ್ಬರು ಹಸುವಿನ ಇಂಜೆಕ್ಷನ್ ತಂದರು. ಒಬ್ಬರು ಮದುವೆಯ ಹೂವಿನ ಹಾರ ತಂದರು. ಇನ್ನೊಬ್ಬಾಕೆ ಗಿಣ್ಣದ ಹಾಲು ತಂದಿಟ್ಟು ಮೂರು ದಿನ ಈ ಕಡೆ ತಲೆ ಹಾಕಲಿಲ್ಲ. ಶ್ಯಾಮಲಮ್ಮ ಚಟ್ನಿ ಇಡಲು ಬಾಗಿಲು ತೆಗೆದರೆ ಜಾಗವೇ ಇರುತ್ತಿರಲಿಲ್ಲ.

"ಇದೇನ್ರೀ, ಫ್ರಿಜ್ಜೋ ಧರ್ಮಛತ್ರವೋ?"

"ಪಾಪ, ಕೇಳಿದ್ರು ಕಣೇ."

"ಕೇಳಿದ್ರೆ ನನ್ನನ್ನೂ ಮಡಚಿ ಒಳಗಿಟ್ಟುಬಿಡಿ. ತಣ್ಣಗಾದ್ರೂ ಇರ್ತೀನಿ."

ಇವೆಲ್ಲದರ ಮೇಲೆ ಬಂದದ್ದು ರೈತ ಆವಲಪ್ಪನ ಮೊಟ್ಟೆ.

ಇಲ್ಲೊಂದು ಮಾತು ಹೇಳಬೇಕು. ಶಿಡ್ಲಘಟ್ಟದಲ್ಲಿ ಬರೀ 'ಮೊಟ್ಟೆ' ಅಂದರೆ ರೇಷ್ಮೆ ಮೊಟ್ಟೆ. ಕೋಳಿಯದಾದರೆ ಕೋಳಿಮೊಟ್ಟೆ ಅಂತ ಬಿಡಿಸಿ ಹೇಳಬೇಕು. ರೇಷ್ಮೆ ಚಿಟ್ಟೆ ಕಾಗದದ ಮೇಲೆ ಇಟ್ಟ ಸಾಸಿವೆಯಂಥ ಮೊಟ್ಟೆಗಳ ಒಂದೊಂದು ಮಚ್ಚೆಗೂ ಒಂದು ಮೊಟ್ಟೆ ಅಂತಲೇ ಲೆಕ್ಕ. ನೂರು ಮೊಟ್ಟೆ ಮೇಯಿಸಿದೆ, ಇನ್ನೂರು ಮೊಟ್ಟೆ ಮೇಯಿಸಿದೆ ಅಂತ ರೈತರು ಮಾತಾಡಿಕೊಳ್ಳುತ್ತಾರೆ. ಮೊಟ್ಟೆ ಒಡೆದು ಹುಳ ಹೊರಗೆ ಬಂದ ಗಳಿಗೆಯಿಂದ ಅದಕ್ಕೆ ಹಿಪ್ಪುನೇರಳೆ ಸೊಪ್ಪು ಬೇಕು. ಸೊಪ್ಪು ಇಲ್ಲದಿದ್ದರೆ ಮೊಟ್ಟೆಯನ್ನು ತಣ್ಣಗಿಟ್ಟು ಹುಳ ಹೊರಡುವುದನ್ನು ಒಂದೆರಡು ದಿನ ತಡೆಯಬಹುದು.

"ಎರಡೇ ದಿನ ಅಕ್ಕಯ್ಯಾ," ಅಂದ ಆವಲಪ್ಪ. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮೊಟ್ಟೆ ಹಾಳೆಗಳು. "ಬೋರಿಗೆ ಕರೆಂಟಿಲ್ಲ. ಸೊಪ್ಪು ಇನ್ನೂ ಎಳೇದು. ನಾಳೆ ಹುಳ ಎದ್ದು ಕೂತ್ರೆ ಏನ್ ಹಾಕ್ಲಿ, ನನ್ ತಲೆಕೂದ್ಲಾ?"

"ನಿನ್ನ ತಲೇಲಿ ಅದೂ ಸಾಲದು ಕಣಪ್ಪ. ಇದು ಹೋಟ್ಲು. ಮೊಟ್ಟೆ ಇಡೋ ಜಾಗ ಅಲ್ಲ."

ಅವಳು ಮಾತು ಮುಗಿಸುವಷ್ಟರಲ್ಲಿ ಚಲಪತಿ ಹಾಳೆಗಳನ್ನು ಇಸಿದುಕೊಂಡು, ಜೆಲ್ಲಿ ತಟ್ಟೆಯ ಕೆಳಗಿನ ಅರೆಯಲ್ಲಿ ಜೋಪಾನವಾಗಿ ಮಲಗಿಸಿ, ಬಾಗಿಲು ಹಾಕಿಯಾಗಿತ್ತು.

ಶ್ಯಾಮಲಮ್ಮ ಹೆದರಿದ್ದಕ್ಕೆ ಕಾರಣವಿತ್ತು. ಹೋಟೆಲಿಗೆ ಬಾಡಿಗೆ ಹಿಡಿದಿದ್ದ ಅಂಗಡಿ ಮುನಿಗಂಗಪ್ಪನವರದು. ಊರ ಹೊರಗೆ ತೋಟ, ಹುಳದ ಮನೆ, ಮಾರುಕಟ್ಟೆ ರಸ್ತೆಯಲ್ಲಿ ನಾಲ್ಕು ಮಳಿಗೆ ಇದ್ದ ಗೌಡರು. ಒಂದು ಕಾಲಕ್ಕೆ ಊರಲ್ಲಿ ಯಾರ ಮನೆಯಲ್ಲಿ ಕುರಿ ಕಡಿದರೂ ಮೊದಲ ಎಲೆ ಅವರಿಗೇ. ಹೆಂಡತಿ ಕಾಯಿಲೆ ಬಿದ್ದು ಬದುಕಿದ ಮೇಲೆ ಕೈವಾರದ ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಮಾಂಸ ಮೊಟ್ಟೆ ಎರಡನ್ನೂ ಬಿಟ್ಟು ಬಂದಿದ್ದರು. ಹುಟ್ಟಿನಿಂದ ತಿನ್ನದವರು ಅದರ ಮಾತನ್ನೇ ಎತ್ತುವುದಿಲ್ಲ. ಇವರು ನಡುವಿನಲ್ಲಿ ಬಿಟ್ಟವರು, ಹಾಗಾಗಿ ಬೆಳಗಾದರೆ ಅದೇ ಮಾತು. ಅಂಗಡಿ ಕೊಡುವಾಗ ಬೀಗದ ಕೈಯನ್ನು ಎತ್ತಿ ಹಿಡಿದುಕೊಂಡೇ ಹೇಳಿದ್ದರು, "ನನ್ನ ಕಟ್ಟಡದೊಳಕ್ಕೆ ಮಾಂಸ, ಮೊಟ್ಟೆ, ಮೂಳೆ ಯಾವುದೂ ಬರಕೂಡದು. ಬಂದಿದ್ದು ಗೊತ್ತಾದ ದಿನ ಇದೇ ಕೈಯಲ್ಲಿ ಬೀಗ."

ಚಲಪತಿ, ಶ್ಯಾಮಲಮ್ಮ ಇಬ್ಬರೂ ಅದಕ್ಕೆ ಮುಂಚೆ ಚಿಂತಾಮಣಿಯಲ್ಲಿ ಹೋಟೆಲು ಇಟ್ಟಿದ್ದರು. ಅಲ್ಲಿಯ ಮಾಲೀಕ ಅಳಿಯನಿಗೆ ಬೇಕು ಅಂತ ಇದ್ದಕ್ಕಿದ್ದಂತೆ ಬಿಡಿಸಿದ್ದ. ಹಂಡೆ, ರುಬ್ಬೋ ಕಲ್ಲು, ಬೆಂಚು ಎಲ್ಲವನ್ನೂ ಲಾರಿಗೆ ಹೇರಿ, ಅದರ ಮೇಲೆ ತಾನೂ ಕೂತು ಊರ ನಡುವೆ ಬಂದದ್ದನ್ನು ಶ್ಯಾಮಲಮ್ಮ ಮರೆತಿರಲಿಲ್ಲ. ಇನ್ನೊಂದು ಸಲ ಲಾರಿ ಹತ್ತುವುದಿಲ್ಲ ಅಂತ ಅವತ್ತೇ ನಿಶ್ಚಯ ಮಾಡಿದ್ದಳು.

ಎರಡು ದಿನ ಕಳೆದು ಆವಲಪ್ಪ ಮೊಟ್ಟೆ ತೆಗೆದುಕೊಂಡು ಹೋಗಲು ಬಂದ. ಅದು ಟಿಫನ್ನಿನ ಹೊತ್ತು. ಗೌರಿಬಿದನೂರಿನ ಕಡೆಯ ಒಂದು ಸಂಸಾರ ಹೆಣ್ಣು ನೋಡಲು ಬಂದವರು ಕಿಟಕಿ ಪಕ್ಕ ಕೂತು ಮಸಾಲೆ ದೋಸೆ ತಿನ್ನುತ್ತಿದ್ದರು. ಕಿರಾಣಿ ವ್ಯಾಪಾರದವರು, ರೇಷ್ಮೆಯ ಗಂಧವಿಲ್ಲದವರು. ಬಡಿಸುವ ಕೋನಪ್ಪನಿಗೆ ಐವತ್ತು ದಾಟಿದ್ದರೂ ಗಂಟಲು ಇಪ್ಪತ್ತರದ್ದು. ಅಡುಗೆಮನೆಯಿಂದಲೇ ಕೂಗಿದ, "ಅಣ್ಣಾ, ಆವಲಪ್ಪ ಬಂದವ್ನೆ! ಅವ್ನ ನೂರೈವತ್ತು ಮೊಟ್ಟೆ ಎಲ್ಲಿಟ್ರಿ? ಜೆಲ್ಲಿ ಕೆಳಗಾ, ಚಟ್ನಿ ಪಕ್ಕಾನಾ?"

ಕಿಟಕಿ ಪಕ್ಕದ ಹೆಂಗಸಿನ ಕೈ ಬಾಯಿಯ ಹತ್ತಿರ ನಿಂತಿತು. ಆಕೆಯ ಯಜಮಾನರು ಎದ್ದರು.

"ಏನ್ರೀ ಇದು? ನೂರೈವತ್ತು ಮೊಟ್ಟೆ?"

ಶ್ಯಾಮಲಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. "ಅದು ರೇಷ್ಮೆ ಮೊಟ್ಟೆ ಕಣ್ರೀ, ರೇಷ್ಮೆದು!"

"ಯಾವ ಜಾತಿದಾದ್ರೇನಮ್ಮ? ಚಟ್ನಿ ಪಕ್ಕದಲ್ಲಿಟ್ಟು ಬೋರ್ಡ್ ಮೇಲೆ ಶುದ್ಧ ಅಂತ ಬರೆಸ್ಕೊಂಡಿದೀರಾ!"

"ಅಯ್ಯೋ, ತಿನ್ನೋ ಮೊಟ್ಟೆ ಅಲ್ಲ, ನೋಡಿ ಬನ್ನಿ ಒಳಗೆ."

"ನೋಡೋದು ಬೇರೆ ಕೇಡು!" ಅಂದ ಹೆಂಗಸು ಬಾಯಲ್ಲಿದ್ದದ್ದನ್ನು ಉಗುಳಲು ಹೊರಗೆ ಓಡಿದಳು. ಮಿಕ್ಕವರು ಅವಳ ಹಿಂದೆ. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟನ್ನೂ ಮುಟ್ಟಲಿಲ್ಲವಂತೆ.

ಆ ಜನ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತಿದ್ದರು. ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಚಲಪತಿ ಹೋಟೆಲಿನಲ್ಲಿ ಮೊಟ್ಟೆ ಬುಟ್ಟಿ ಸಿಕ್ಕಿತು ಅಂತಾಯಿತು. ಕ್ಷೌರದಂಗಡಿ ತಲುಪುವಾಗ ಒಂದು ಬುಟ್ಟಿ ಮೂರಾಗಿತ್ತು. ಯಾರೋ ಒಬ್ಬ ಬುದ್ಧಿವಂತ, "ಅದಕ್ಕೇ ಅವ್ರ ದೋಸೆ ಅಷ್ಟು ಕೆಂಪಗೆ ಬರೋದು, ಹಿಟ್ಟಿಗೆ ಒಡೆದು ಹಾಕ್ತಾರೆ," ಅಂದ. ಹತ್ತು ವರ್ಷದಿಂದ ಅದೇ ದೋಸೆ ತಿಂದು ಅದೇ ಊರಲ್ಲಿ ಮೀಸೆ ಬಲಿತವರು ಹೌದು ಹೌದು ಅಂದರು. ಇವರ ತಲೆಯೊಳಗೆ ಮೆಂತ್ಯದಷ್ಟೂ ಬುದ್ಧಿ ಇಲ್ಲವೇ, ಮೆಂತ್ಯ ಹಾಕಿದರೆ ದೋಸೆ ಕೆಂಪಗೆ ಬರುತ್ತದೆ ಅಂತ ಇವರ ಮನೆಯ ಹೆಂಗಸರಾದರೂ ಹೇಳಬಾರದೇ ಅಂತ ಶ್ಯಾಮಲಮ್ಮ ಒಲೆಯ ಮುಂದೆ ಒಬ್ಬಳೇ ಬೈದಳು.

ಸಂಜೆ ಮುನಿಗಂಗಪ್ಪನವರು ಬಂದರು. ಹಿಂದೆ ಇಬ್ಬರು ಹಿರಿಯರು, ಅವರ ಹಿಂದೆ ನೋಡಲು ಬಂದ ಇಪ್ಪತ್ತು ಜನ. ಅಷ್ಟು ಹೊತ್ತಿಗೆ ಮೊಟ್ಟೆ ಹೋಗಿರಬೇಕಿತ್ತು. ಆದರೆ ಗಲಾಟೆಗೆ ಹೆದರಿದ ಆವಲಪ್ಪ ಹಾಳೆಗಳನ್ನು ಅಲ್ಲೇ ಬಿಟ್ಟು ಓಡಿಹೋಗಿದ್ದ.

"ತೆಗೀರಿ ಆ ಬಾಗ್ಲು," ಅಂದರು ಗೌಡರು.

ಶ್ಯಾಮಲಮ್ಮ ತೆಗೆದಳು. ಒಳಗೆ ಚಟ್ನಿ, ಜೆಲ್ಲಿ ತಟ್ಟೆ, ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಹಾಳೆಗಳು. ಅವಳೇ ಬಿಚ್ಚಿ ತೋರಿಸಿದಳು. ಕಾಗದದ ತುಂಬ ಬೂದು ಬಣ್ಣದ ಮಚ್ಚೆಗಳು. ಮುಂದಿದ್ದವರು ಬಗ್ಗಿ ನೋಡಿದರು. ಆಮೇಲೆ ಹಿಂದಿನಿಂದ ಯಾರೋ 'ಥೂ, ನಮ್ ಮೊಟ್ಟೆ!' ಅಂದರು. ಇಡೀ ಹೋಟೆಲು ನಕ್ಕಿತು. ಮೂವತ್ತು ವರ್ಷ ಹುಳ ಸಾಕಿದ ಗೌಡರು ರೇಷ್ಮೆ ಮೊಟ್ಟೆ ಹಿಡಿಯಲು ಪಂಚಾಯ್ತಿ ಕಟ್ಟಿಕೊಂಡು ಬಂದಿದ್ದರು.

ಅವರು ನಗಲಿಲ್ಲ. ಸಿಟ್ಟು ಹೊತ್ತು ಬಂದವರಿಗೆ ಅದನ್ನು ಇಳಿಸಲು ಒಂದು ಜಾಗ ಬೇಕಲ್ಲ. "ನಗೋದೇನಿದೆ? ಮೊಟ್ಟೆ ಅಂದ್ರೆ ಮೊಟ್ಟೆನೇ. ಒಳಗೆ ಜೀವ ಇರ್ತದೆ," ಅಂದರು.

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಬಷೀರ್ ಅಹಮದ್ ಸಾಹೇಬರು ಲೋಟ ಕೆಳಗಿಟ್ಟರು. ನೂಲು ತೆಗೆಯುವ ಕಾರ್ಖಾನೆಯವರು, ಹೋಟೆಲಿಗೆ ಹಳೆಯ ಗಿರಾಕಿ. "ಗೌಡ್ರೇ, ಅದನ್ನ ಸಾಕೋರು ನೀವು. ಗೂಡು ಬೇಯಿಸೋನು ನಾನು. ಜೀವದ ಲೆಕ್ಕ ಕೇಳೋಕೆ ಬಂದ್ರೆ ನಮ್ಮಿಬ್ಬರನ್ನೂ ಮೊದಲು ಕರೀತಾರೆ. ಈಯಮ್ಮಂದು ಆಮೇಲೆ."

"ನೀವು ಸುಮ್ನಿರಿ ಸಾಬ್ರೇ. ನಾಡಿದ್ದು ನಾನೇ ಬಂದು ಅಡುಗೆಮನೆ ಡಬ್ಬ ಒಂದೊಂದನ್ನೂ ಬಿಚ್ಚಿ ನೋಡ್ತೀನಿ. ಏನಾದ್ರೂ ಸಿಕ್ತೋ, ಬೀಗ!"

ಇಷ್ಟು ಹೇಳಿ ಹೋಗುತ್ತಾರೆ ಅಂದುಕೊಂಡರೆ, ಕುರ್ಚಿ ಎಳೆದು ಕೂತು, "ಕೋನಪ್ಪಾ, ಆ ಕುಣಿಯೋದು ಒಂದು ಕಪ್ಪು ತಾ," ಅಂದರು. ಅದು ಅವರ ದಿನದ ವಾಡಿಕೆ. ಹಣ್ಣು ಕಡಿಮೆ, ಜೆಲ್ಲಿ ಜಾಸ್ತಿ. ಚಮಚದ ತುದಿಯಿಂದ ಒಂದು ಸಲ ತಟ್ಟಿ, ಅದು ನಡುಗುವುದನ್ನು ನೋಡಿ, ಮಗುವಿನ ಹಾಗೆ ನಕ್ಕು, ಆಮೇಲೆ ಬಾಯಿಗಿಡುತ್ತಿದ್ದರು. ಆ ಸಂಜೆಯೂ ಹಾಗೇ ಮಾಡಿದರು.

ಮಾರನೆಯ ದಿನ ಶ್ಯಾಮಲಮ್ಮ ಗೌಡರಿಗಿಂತ ಮುಂಚೆ ತಾನೇ ಡಬ್ಬಗಳನ್ನು ಬಿಚ್ಚಲು ಕೂತಳು. ಅವಳದ್ದು ಮೊಟ್ಟೆ ಮುಟ್ಟದ ಮನೆತನ, ಹೆದರುವಂಥದ್ದು ಒಳಗೆ ಏನೂ ಇಲ್ಲ ಅಂತ ಗೊತ್ತಿತ್ತು. ಆದರೂ ಬೆಂಗಳೂರಿನ ಸಗಟು ಅಂಗಡಿಯಿಂದ ಬರುವ ಪುಡಿ, ಬಣ್ಣ, ಎಸೆನ್ಸು, ಇವೆಲ್ಲ ಏನು ಅಂತ ಗೌಡರು ಕೇಳಿದರೆ ಹೇಳಬೇಕಲ್ಲ. ಬೇಕಿಂಗ್ ಪೌಡರ್ ಸರಿ. ಕಸ್ಟರ್ಡ್ ಪುಡಿ, ಜೋಳದ ಹಿಟ್ಟು, ಸರಿ. ಜೆಲ್ಲಿ ಪುಡಿ ಕೈಗೆ ಬಂತು. ಸಕ್ಕರೆ, ಬಣ್ಣ. ಆದರೆ ಸಕ್ಕರೆ ಬಣ್ಣ ಸೇರಿಸಿದರೆ ಪಾನಕ ಆಗಬೇಕು. ಅದು ಹೆಪ್ಪುಗಟ್ಟುವುದು ಯಾತರಿಂದ?

ಅಷ್ಟರಲ್ಲಿ ಬಷೀರ್ ಸಾಹೇಬರು ಬಂದು ಕೂತರು. ಕೋನಪ್ಪ ಅವರ ಮುಂದೆ ಬರೀ ಹಣ್ಣಿನ ಕಪ್ಪು ಇಟ್ಟ. ಅವರು ಯಾವತ್ತೂ ಜೆಲ್ಲಿ ಬೇಡ ಅನ್ನುತ್ತಿದ್ದರು. ಹಲ್ಲು ಜುಮ್ಮೆನ್ನುತ್ತದೇನೋ ಅಂದುಕೊಂಡಿದ್ದಳು. ಇವತ್ತು ಕೈಯಲ್ಲಿ ಪೊಟ್ಟಣ ಹಿಡಿದುಕೊಂಡೇ ಹೋಗಿ ನಿಂತಳು.

"ಸಾಹೇಬ್ರೇ, ನೀವ್ಯಾಕೆ ಜೆಲ್ಲಿ ತಿನ್ನಲ್ಲ?"

ಅವರು ಹಣ್ಣಿನ ಕಪ್ಪನ್ನು ನೋಡಿದರು. "ಹೀಗೇ ಅಮ್ಮ. ಬೇಡ ಅಂತ."

"ನಾಳೆ ಗೌಡ್ರು ಬರ್ತಾರೆ. ನಂಗೆ ಗೊತ್ತಾಗಬೇಕು. ಹೇಳಿ."

ಸಾಹೇಬರು ಸುತ್ತ ನೋಡಿ ದನಿ ತಗ್ಗಿಸಿದರು. "ನಮ್ಮ ಮನೆಯವಳು ದಿಲ್ಷಾದ್ ಇದಾಳಲ್ಲ, ಅವಳ ತಮ್ಮ ಬೆಂಗಳೂರಲ್ಲಿ ಕ್ಯಾಪ್ಸೂಲ್ ಮಾಡೋ ಫ್ಯಾಕ್ಟ್ರೀಲಿದಾನೆ. ಔಷಧದ ಕ್ಯಾಪ್ಸೂಲ್ ಇಲ್ಲವಾ, ಅದರ ಸಿಪ್ಪೆ ಯಾವುದರಿಂದ ಮಾಡ್ತಾರೋ ಈ ಜೆಲ್ಲಿ ಗಟ್ಟಿ ಆಗೋದೂ ಅದರಿಂದಾನೇ ಅಂತೆ. ಮೂಳೆ, ಚರ್ಮ ಬೇಯಿಸಿ ತೆಗೆದ ಅಂಟು. ಯಾವ ಪ್ರಾಣಿದು, ಹೇಗೆ ಕೊಯ್ದಿದ್ದು, ನಮಗೆ ಗೊತ್ತಿಲ್ಲ. ಅದಕ್ಕೇ ನಮ್ಮ ಮನೇಲಿ ಮುಟ್ಟಲ್ಲ."

ಶ್ಯಾಮಲಮ್ಮನಿಗೆ ನೆಲ ಒಂದು ಸಲ ಜೆಲ್ಲಿಯ ಹಾಗೇ ಅಲ್ಲಾಡಿತು. ಸರಿಯಾಗಿ ಹೆಪ್ಪುಗಟ್ಟಿದೆಯೋ ಇಲ್ಲವೋ ಅಂತ ದಿನಾ ಬೆಳಗ್ಗೆ ಒಂದು ಚಮಚ ಬಾಯಿಗೆ ಹಾಕಿ ನೋಡುತ್ತಿದ್ದವಳು ಅವಳೇ.

"ಇಷ್ಟು ದಿನ ಯಾಕ್ರೀ ಹೇಳಲಿಲ್ಲ?" ಅಂತ ರೇಗಿದಳು.

"ಏನಂತ ಹೇಳಲಮ್ಮ? ನನ್ನ ತಟ್ಟೆ ನಾನು ನೋಡ್ಕೋತೀನಿ. ಬೇರೆಯವರ ತಟ್ಟೆಗೆ ಕೈ ತೋರಿಸೋದು ಚೆನ್ನಾಗಿರಲ್ಲ. ಅದರಲ್ಲೂ ನನ್ನ ಹೆಸರಿನವನು ವೆಜಿಟೇರಿಯನ್ ಹೋಟ್ಲಲ್ಲಿ ನಿಂತು ಇದರಲ್ಲಿ ಮೂಳೆ ಇದೆ ಅಂದ್ರೆ, ಊರಲ್ಲಿ ಅದು ಏನಾಗಿ ತಿರುಗುತ್ತೆ ಹೇಳಿ."

ಶ್ಯಾಮಲಮ್ಮ ನೇರ ಹಿತ್ತಲಿಗೆ ಹೋದಳು. ಬಾಯಿ ಮುಕ್ಕಳಿಸಿ ಬಂದು, ಫ್ರಿಜ್ಜಿನಲ್ಲಿದ್ದ ಜೆಲ್ಲಿಯನ್ನೆಲ್ಲ ಹಿತ್ತಲಿನ ಗುಂಡಿಗೆ ಸುರಿದು, ಮೇಲೆ ಮಣ್ಣು ಎಳೆದಳು. ತಟ್ಟೆಯನ್ನು ಬೂದಿ ಹಾಕಿ ತಿಕ್ಕಿದಳು. ಸಂಜೆ ದಿಲ್ಷಾದ್ ಬೇಗಂ ಗಂಡನ ಕೈಯಲ್ಲಿ ಒಂದು ಕಟ್ಟು ಚೈನಾ ಗ್ರಾಸ್ ಕಳಿಸಿದರು. ಒಣಗಿದ ಶಾವಿಗೆ ಹಾಗಿತ್ತು. ಸಮುದ್ರದ ಪಾಚಿಯಿಂದ ಮಾಡಿದ್ದು, ಹಬ್ಬದಲ್ಲಿ ನಾವು ಹಾಲಿಗೆ ಹಾಕಿ ಹೆಪ್ಪುಗಟ್ಟಿಸುತ್ತೇವೆ, ಧೈರ್ಯವಾಗಿ ಬಳಸಿ ಅಂತ ಹೇಳಿಕಳಿಸಿದ್ದರು. ಶ್ಯಾಮಲಮ್ಮ ಅದನ್ನು ಕರಗಿಸಿ, ಸಕ್ಕರೆ ಬಣ್ಣ ಸೇರಿಸಿ ತಟ್ಟೆಗೆ ಹೊಯ್ದಳು. ಹೆಪ್ಪೇನೋ ಗಟ್ಟಿತು. ಆದರೆ ಬಹಳ ಗಟ್ಟಿ. ಚಮಚ ಇಟ್ಟರೆ ಕಟಕ್ ಅಂತ ಮುರಿಯುತ್ತಿತ್ತು, ಕುಣಿಯುತ್ತಿರಲಿಲ್ಲ.

ಮುನಿಗಂಗಪ್ಪನವರು ಹೇಳಿದ ದಿನ ಬಂದು ಡಬ್ಬಗಳನ್ನು ಬಿಚ್ಚಿದರು. ಒಂದೊಂದಕ್ಕೂ ಮೂಗಿಟ್ಟರು. "ಇದೇನು?" "ಮೆಂತ್ಯ." "ಇದು?" "ಅದೂ ಮೆಂತ್ಯನೇ, ಹುರಿದದ್ದು." ಇಂಗಿನ ಡಬ್ಬಕ್ಕೆ ಮೂಗಿಟ್ಟು ನಾಲ್ಕು ಸಲ ಸೀನಿದರು. ಕೊನೆಗೆ ಏನೂ ಇಲ್ಲ ಅಂತ ಒಪ್ಪಿಕೊಂಡು, ಗೆದ್ದವರ ಹಾಗೆ ಕೂತು ತಮ್ಮ ಕಪ್ಪು ತರಿಸಿದರು. ಚಮಚದಿಂದ ತಟ್ಟಿದರು. ಅದು ಅಲ್ಲಾಡಲಿಲ್ಲ. ಇನ್ನೊಂದು ಸಲ ತಟ್ಟಿದರು.

"ಇದ್ಯಾಕೆ ಕುಣಿಯಲ್ಲ?"

"ಹೊಸ ತರ ಮಾಡಿದೀನಿ ಗೌಡ್ರೇ. ತಿಂದು ನೋಡಿ."

ತಿಂದರು. ಮುಖ ಹುಳ್ಳಗಾಯಿತು. "ಮೇಣ ಅಗಿದ ಹಾಗಿದೆ. ಹಳೇದು ಎಲ್ಲಿ?"

"ಇನ್ಮೇಲೆ ಅದು ಮಾಡಲ್ಲ."

"ಯಾಕೆ?"

ಹೋಟೆಲು ತುಂಬ ಜನ. ಅಷ್ಟು ಜನರ ಮುಂದೆ ಅವಳು ಏನು ಹೇಳಿಯಾಳು? ಮೇಜಿನ ಮೇಲಿನ ನೀರು ಒರೆಸತೊಡಗಿದಳು. ಗೌಡರಿಗೆ ಬೇರೆಯೇ ಅರ್ಥವಾಯಿತು.

"ಓಹೋ. ಡಬ್ಬ ಬಿಚ್ಚಿಸಿದೆ ಅಂತ ಸೇಡಾ? ಮುದುಕ ಆಸೆಪಟ್ಟು ತಿನ್ನೋದು ಒಂದೇ ಒಂದು, ಅದಕ್ಕೇ ಕಲ್ಲು ಹಾಕಿದ್ಯಾ? ಆಗಲಿ ತಾಯಿ. ಹಳೇದು ಬರೋವರೆಗೂ ನಾನು ಈ ಮೆಟ್ಲು ಹತ್ತಲ್ಲ. ಬಾಡಿಗೆ ಕರಾರು ಈ ಸಲ ಮುಂದುವರಿಸಬೇಕೋ ಬೇಡವೋ ನೋಡ್ತೀನಿ."

ಕೊಡೆ ಊರಿಕೊಂಡು ಹೊರಟೇಹೋದರು. ಶ್ಯಾಮಲಮ್ಮನಿಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅವರ ಹೊಟ್ಟೆಗೆ ಮೂಳೆ ಹೋಗಬಾರದು ಅಂತ ಅವಳು ಒದ್ದಾಡುತ್ತಿದ್ದರೆ, ಅವರು ಮೂಳೆ ಕೊಡಲಿಲ್ಲ ಅಂತ ಅಂಗಡಿ ಬಿಡಿಸುತ್ತೇನೆ ಅನ್ನುತ್ತಿದ್ದರು.

ಗಿರಾಕಿಗಳು ಹೋದ ಮೇಲೆ ಚಲಪತಿ ಮೆಲ್ಲಗೆ ಹತ್ತಿರ ಬಂದ. "ಕೊಟ್ಟುಬಿಡಣ ಕಣೇ. ಅವರೊಬ್ಬರಿಗೆ ಮಾತ್ರ. ಕೇಳ್ತಿದಾರಲ್ಲ, ಪಾಪ."

"ನಿಮ್ಮ ಪಾಪಕ್ಕೆ ಬೆಂಕಿ ಬಿತ್ತು! ಗೊತ್ತಿಲ್ಲದೆ ಬಡಿಸಿದ್ದು ಆಗಿಹೋಯ್ತು. ಈಗ ಗೊತ್ತಿದ್ದೂ ಬಡಿಸೋದಾ? ಆಯಪ್ಪ ಹೆಂಡತಿ ಉಳೀಲಿ ಅಂತ ಬಿಟ್ಟು ಬಂದಿದಾರೆ ರೀ."

"ಹೇಳಿದ್ರೆ ಬೀಗ ಹಾಕ್ತಾರೆ."

"ಹೇಳದಿದ್ರೂ ಹಾಕ್ತಾರೆ. ಹಾಕೋದೇ ಆದ್ರೆ ನಿಜ ಹೇಳಿ ಹಾಕಿಸ್ಕೊಳ್ಳಣ."

ಮಾರನೆಯ ದಿನ ಸಂಜೆ, ಕಾಫಿಯ ಹೊತ್ತು ಮುಗಿದ ಮೇಲೆ, ಕೋನಪ್ಪನಿಗೆ ಒಲೆ ಒಪ್ಪಿಸಿ ಅವಳು ಗೌಡರ ತೋಟಕ್ಕೆ ನಡೆದುಹೋದಳು. ಹೋಟೆಲಿನಲ್ಲಿ ಹೇಳುವ ಮಾತಲ್ಲ ಅದು. ಗೌಡರ ಮನೆಯಲ್ಲೂ ಹೇಳುವಂತಿಲ್ಲ, ಅವರ ಹೆಂಡತಿಯ ಕಿವಿಗೆ ಬಿದ್ದರೆ ಆಯಮ್ಮ ಹೆದರಿ ಹಾಸಿಗೆ ಹಿಡಿದಾಳು. ಹುಳದ ಮನೆಯಲ್ಲಾದರೆ ಅವರೊಬ್ಬರೇ ಇರುತ್ತಾರೆ.

ಹುಳದ ಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ, ಹುಳಕ್ಕೆ ರೋಗ ತಗಲುತ್ತದೆ ಅನ್ನುತ್ತಾರೆ. ಬಾಗಿಲಲ್ಲಿ ಚೆಲ್ಲಿದ್ದ ಸುಣ್ಣದ ಗೆರೆಯ ಈಚೆಗೆ ಅವಳು ನಿಂತಳು. ಒಳಗೆ ಗೌಡರು ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದರು. ಸಾವಿರಾರು ಹುಳ ಒಟ್ಟಿಗೆ ಮೇಯುವ ಸದ್ದು ಮಳೆ ಹನಿದ ಹಾಗೆ ಕೇಳುತ್ತಿತ್ತು.

"ಏನು, ಹಳೇದು ಮಾಡಿದ್ಯಾ?" ಅಂದರು ತಿರುಗದೆ.

"ಇಲ್ಲ ಗೌಡ್ರೇ. ಅದ್ಯಾಕೆ ಮಾಡಲ್ಲ ಅಂತ ಹೇಳೋಕೆ ಬಂದೆ."

ಸುತ್ತಿ ಬಳಸದೆ ಹೇಳಿದಳು. ಪುಡಿಯೊಳಗೆ ಏನಿದೆ, ತನಗೆ ಹೇಗೆ ತಿಳಿಯಿತು, ತಿಳಿದ ದಿನವೇ ಏನು ಮಾಡಿದೆ, ಎಲ್ಲ. ಗೌಡರ ಕೈ ಸೊಪ್ಪಿನ ಮೇಲೆ ನಿಂತುಹೋಯಿತು.

"ಅದು ಕುಣೀತಿದ್ದದ್ದು..." ಅಂದರು ಕೊನೆಗೆ, "ಅದಕ್ಕೇನಾ?"

"ಅದಕ್ಕೇ."

"ದಿನಾ ತಿಂದೆನಲ್ಲಮ್ಮ. ಹುಣ್ಣಿಮೆ ದಿನ ಎರಡು ತಿಂದಿದೀನಿ. ಕೈವಾರಕ್ಕೆ ಪೂಜೆಗೆ ಹೋಗೋ ಮುಂಚೆ."

"ನಾನೂ ತಿಂದಿದೀನಿ ಗೌಡ್ರೇ. ನಮ್ಮ ಅಜ್ಜಿ ತಾತ ಯಾರೂ ತಿನ್ನದೇ ಇದ್ದದ್ದನ್ನ. ಇಬ್ಬರಿಗೂ ಗೊತ್ತಿರಲಿಲ್ಲ. ಬೇಕಂತ ತಿಂದೆವಾ?"

"ಯಾರ್ಯಾರಿಗೆ ಗೊತ್ತು?"

"ನಮ್ಮ ಯಜಮಾನರಿಗೆ, ಬಷೀರ್ ಸಾಹೇಬ್ರಿಗೆ, ಅವರ ಮನೆಯವರಿಗೆ. ಅವರ್ಯಾರೂ ಬಾಯಿ ಬಿಡೋರಲ್ಲ." ಅವಳು ಸೆರಗು ಸರಿಮಾಡಿಕೊಂಡಳು. "ನೀವು ಹಾಕಿದ ಷರತ್ತು ಮುರಿದಿದೆ. ಬೀಗ ಹಾಕ್ತೀರಾದ್ರೆ ಹಾಕಿ, ನಾನು ಜಗಳ ಆಡಲ್ಲ. ಆದ್ರೆ ಯಾಕೆ ಹಾಕಿದ್ರು ಅಂತ ಊರವರು ಕೇಳಿದ್ರೆ ನಂಗೆ ಸುಳ್ಳು ಹೇಳೋಕೆ ಬರಲ್ಲ."

ಹೇಳಿದ ಮೇಲೆ ಅದು ಹೆದರಿಸಿದ ಹಾಗೆ ಕೇಳಿಸಿತು ಅಂತ ಅವಳಿಗೇ ಅನ್ನಿಸಿತು. ಹಾಗೆ ಕೇಳಿಸಲಿ ಅಂತ ಸ್ವಲ್ಪ ಇದ್ದದ್ದೂ ಸುಳ್ಳಲ್ಲ. ಆದರೆ ಗೌಡರು ಹರಡಿದ ಸೊಪ್ಪನ್ನೇ ಮತ್ತೆ ಹರಡುವುದನ್ನು ನೋಡಿ ಹಾಗೆ ಅನ್ನಬಾರದಿತ್ತು ಅನ್ನಿಸಿತು. ನಾಲಿಗೆ ಕಚ್ಚಿಕೊಂಡಳು.

"ಹೋಗಮ್ಮ," ಅಂದರು ಗೌಡರು. "ಹುಳ ಹಸಿದಿದೆ."

ಮನೆಗೆ ಬಂದು ಚಲಪತಿ ಏನಾಯಿತು ಅಂತ ಕೇಳಿದರೆ, ಏನಾಯಿತು ಅಂತ ಅವಳಿಗೇ ಗೊತ್ತಿರಲಿಲ್ಲ.

ಬೆಳಗ್ಗೆ ಮುನಿಗಂಗಪ್ಪನವರು ಬಂದರು. ಮೆಟ್ಟಿಲು ಹತ್ತಿ ತಮ್ಮ ಜಾಗದಲ್ಲಿ ಕೂತರು. ಶ್ಯಾಮಲಮ್ಮ ಅಡುಗೆಮನೆಯ ಕಿಂಡಿಯಿಂದ ಅವರ ಕೈಯನ್ನೇ ನೋಡಿದಳು. ಬೀಗ ಇರಲಿಲ್ಲ. ಇಡ್ಲಿ ತಿಂದರು. ಕೋನಪ್ಪ ರೂಢಿಯಂತೆ, "ಗೌಡ್ರೇ, ಆ ಕುಣಿಯೋದು ಇಲ್ಲ, ಹೊಸದು ಕೊಡ್ಲಾ?" ಅಂತ ಕೂಗಿದ.

ಹೋಟೆಲೆಲ್ಲ ಅವರ ಕಡೆ ತಿರುಗಿತು. ಗೌಡರು ಗಂಟಲು ಸರಿಮಾಡಿಕೊಂಡರು.

"ಇನ್ಮೇಲೆ ನಂಗೆ ಅದೆಲ್ಲ ಬೇಡಪ್ಪ. ನಿನ್ನೆ ಸಂಜೆ ಚಿಕ್ಕಬಳ್ಳಾಪುರದ ಡಾಕ್ಟ್ರ ಹತ್ರ ಹೋಗಿದ್ದೆ. ಸಕ್ಕರೆ ಕಾಯಿಲೆ ಅಂದ್ರು. ಹಳೇದೂ ಬೇಡ, ಹೊಸದೂ ಬೇಡ."

ಕಿಂಡಿಯ ಹಿಂದೆ ಶ್ಯಾಮಲಮ್ಮ ಹಣೆ ಚಚ್ಚಿಕೊಂಡಳು. ನಿನ್ನೆ ಸಂಜೆ ಗೌಡರು ಯಾವ ಡಾಕ್ಟರ ಹತ್ತಿರ ಇದ್ದರು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಎದೆಯ ಮೇಲಿನ ಕಲ್ಲು ಇಳಿಯಿತು. ಹೊರಗೆ ಆಗಲೇ ಔಷಧ ಹೇಳುವವರ ಸಂತೆ ನೆರೆದಿತ್ತು. ಒಬ್ಬ ಹಾಗಲಕಾಯಿ ರಸ ಅಂದ. ಒಬ್ಬ ನೇರಳೆ ಬೀಜದ ಪುಡಿ ಅಂದ. ಆವಲಪ್ಪ, "ಮೆಂತ್ಯ ನೆನೆಸಿ ಕುಡೀರಿ ಗೌಡ್ರೇ, ಇಲ್ಲೇ ಎರಡು ಡಬ್ಬ ಐತಲ್ಲ," ಅಂದ.

"ಕೋನಪ್ಪಾ, ಕಾಫಿ," ಅಂದರು ಗೌಡರು ಬೇಸತ್ತು.

"ಸಕ್ಕರೆ ಹಾಕದೇ ಅಲ್ವಾ ಗೌಡ್ರೇ?"

ಒಂದು ಗಳಿಗೆ ತಡವಾಯಿತು. "...ಹಾಕದೇನೇ."

ಆ ಕಾಫಿ ಕುಡಿಯುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಮಾರನೆಯ ದಿನವೂ ಹಾಗೇ. ಆಡಿದ ಸುಳ್ಳಿನಿಂದ ಇಳಿದು ಬರಲು ದಾರಿ ಇರಲಿಲ್ಲ. ಮದುವೆ ಮನೆಯಲ್ಲಿ ಕಜ್ಜಾಯ ಬೇಡ ಅಂದರಂತೆ. ಮನೆಯಲ್ಲಿ ಹೆಂಡತಿ ದಿನಾ ಹಾಗಲಕಾಯಿ ಬಡಿಸುತ್ತಿದ್ದಾಳಂತೆ. ಕರಾರಿನ ಮಾತು ಮಾತ್ರ ಎತ್ತಲಿಲ್ಲ. ಕರಾರು ತಾನಾಗಿ ಮುಂದುವರಿಯಿತು. ಮನುಷ್ಯನ ಮುಖ ದಿನದಿಂದ ದಿನಕ್ಕೆ ಚಿಕ್ಕದಾಯಿತು.

ಮೊಟ್ಟೆ ಆಯಿತು, ಮೂಳೆ ಆಯಿತು, ಈಗ ಇದೊಂದು ನನ್ನ ತಲೆಗೆ ಅಂತ ಗೊಣಗಿಕೊಂಡಳು ಶ್ಯಾಮಲಮ್ಮ. ಒಂದು ಬೆಳಗ್ಗೆ ಕೋನಪ್ಪ ಲೋಟ ಎತ್ತಿಕೊಳ್ಳಲು ಬಂದಾಗ, "ಬಿಡು, ಅವರದ್ದು ನಾನೇ ಕೊಡ್ತೀನಿ," ಅಂದಳು. ಬೆನ್ನು ತಿರುಗಿಸಿ, ಎರಡು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕದಡಿ, ತಳದಲ್ಲಿ ಒಂದು ಹರಳೂ ಉಳಿಯದ ಹಾಗೆ ನೋಡಿ, ತಾನೇ ಒಯ್ದು ಮೇಜಿನ ಮೇಲಿಟ್ಟಳು.

"ತಗೊಳ್ಳಿ ಗೌಡ್ರೇ, ಸಕ್ಕರೆ ಇಲ್ಲದ ಕಾಫಿ," ಅಂದಳು, ಎಲ್ಲರಿಗೂ ಕೇಳಿಸುವ ಹಾಗೆ.

ಗೌಡರು ಕಣ್ಣು ಮುಚ್ಚಿ, ಕಷಾಯ ಕುಡಿಯುವವರ ಹಾಗೆ ಒಂದು ಗುಟುಕು ಹೀರಿದರು. ನಿಲ್ಲಿಸಿದರು. ಕಣ್ಣು ಬಿಟ್ಟು ಅವಳ ಕಡೆ ನೋಡಿದರು. ಅವಳು ಪಕ್ಕದ ಮೇಜು ಒರೆಸದೆ ಬಿಟ್ಟಿದ್ದಕ್ಕೆ ಕೋನಪ್ಪನನ್ನು ಬೈಯುವುದರಲ್ಲಿ ಮುಳುಗಿದ್ದಳು.

ಲೋಟ ಖಾಲಿಯಾಯಿತು. ಗೌಡರು ಮೀಸೆ ಒರೆಸಿಕೊಂಡು, ಲೋಟವನ್ನು ಮುಂದೆ ಚಾಚಿದರು.

"ಶ್ಯಾಮಲಮ್ಮಾ, ಈ ಸಕ್ಕರೆ ಇಲ್ಲದ್ದೇ ಇನ್ನೊಂದು ಅರ್ಧ ಕೊಡಮ್ಮ."